ಏಣಿಯ ಎತ್ತರ

ಅವಳು ಕೈ ಎತ್ತಿದಳು. ಬೆರಳಿನ ತುದಿ ಹಲಗೆಗಿಂತ ಕೆಳಗೇ ನಿಂತಿತು. ತುದಿಗಾಲಲ್ಲಿ ನಿಂತು, ಒಲೆಯ ಕಟ್ಟೆಗೆ ಹೊಟ್ಟೆಯನ್ನೊತ್ತಿ ಮತ್ತೊಮ್ಮೆ ಚಾಚಿದಳು. ಈ ಸಲ ಉಗುರು ಹಲಗೆಯ ಅಡಿಯನ್ನು ಕೆರೆದು ಸಣ್ಣಗೆ ಸದ್ದು ಮಾಡಿತು, ಅಷ್ಟೆ. ಹಲಗೆಯ ಮೇಲಿಡಬೇಕಾಗಿದ್ದ ಉಪ್ಪಿನ ಡಬ್ಬಿ ಇನ್ನೊಂದು ಕೈಯಲ್ಲೇ ಉಳಿಯಿತು.

ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಗೆಳೆಯರು ಚಪ್ಪಾಳೆ ತಟ್ಟಲು ಸಿದ್ಧರಾಗಿ ನಿಂತಿದ್ದರು. ಅವರ ಕೈಗಳೂ ಗಾಳಿಯಲ್ಲೇ ಉಳಿದವು.

"ಅಯ್ಯೋ ದೇವ್ರೇ," ಎಂದಳು ನರ್ಸ್. ಆಮೇಲೆ ಗಂಡನ ಕಡೆ ತಿರುಗಿ, "ಬೆಳಗ್ಗಿಂದ ಗೋಡೆ ಮುಂದೆ ಕಂಬದ ಥರ ನಿಂತಿದ್ರಲ್ಲ, ಇಬ್ಬರಲ್ಲಿ ಒಬ್ಬರಿಗೂ ಹೊಳೀಲಿಲ್ವಾ?" ಎಂದಳು.

ಅವಳ ಗಂಡ ಪೇಂಟರ್. ತಪ್ಪು ಎಲ್ಲಿಂದ ಬಂದರೂ ತನ್ನ ಮೈಮೇಲೆ ಬೀಳದ ಹಾಗೆ ಸರಿದು ನಿಲ್ಲುವ ಕಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು. "ನಾನು ಬಣ್ಣ ಬಳಿದವನು ಕಣೇ. ಅಳತೆ ವೆಲ್ಡರ್‌ದು," ಎಂದ.

ವೆಲ್ಡರ್ ಹಲಗೆಯನ್ನೇ ನೋಡುತ್ತಿದ್ದ. ಹಲಗೆಯಲ್ಲಿ ಹುಳುಕೇನೂ ಇರಲಿಲ್ಲ. ಅಂಚು ನುಣ್ಣಗಿತ್ತು, ಅವನೇ ಬೆಸೆದು ತಂದ ಕಬ್ಬಿಣದ ಬ್ರಾಕೆಟ್‌ಗಳು ಗೋಡೆಗೆ ಹಲ್ಲು ಕಚ್ಚಿದಂತೆ ಕೂತಿದ್ದವು. ಆನೆ ಹತ್ತಿಸಿದರೂ ಅಲುಗುವ ಹಾಗಿರಲಿಲ್ಲ. ಆ ಎತ್ತರಕ್ಕೆ ಕೈ ಚಾಚುವ ಮನುಷ್ಯ ಮಾತ್ರ ಆ ಮನೆಯಲ್ಲಿ ಇರಲಿಲ್ಲ.

"ಒಂದು ಸ್ಟೂಲ್ ಹಾಕ್ಕೊಂಡ್ರಾಯ್ತು," ಎಂದಳು ಅತ್ತೆ ಹಾಲ್‌ನಿಂದ. "ಅದಕ್ಯಾಕೆ ಎಲ್ರೂ ಬಾಯಿಗೆ ಬೀಗ ಹಾಕ್ಕೊಂಡ್ರಿ? ಚಪ್ಪಾಳೆ ತಟ್ಟಿ!"

ಪೇಂಟರ್ ತಟ್ಟಿದ. ಒಬ್ಬನೇ ತಟ್ಟಿದ್ದರಿಂದ ಅದು ಹಿಟ್ಟಿನ ಕೈ ಝಾಡಿಸಿದ ಹಾಗೆ ಕೇಳಿಸಿತು.

ಉಪ್ಪಿನ ಡಬ್ಬಿ ಹಿಡಿದು ನಿಂತಿದ್ದವಳ ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದ. ಗೆಳೆಯರು ಅವನನ್ನು ಕರೆಯುತ್ತಿದ್ದದ್ದು ಏಣಿ ಎಂದು. ಅಷ್ಟು ಉದ್ದದವನು ಬಸ್ಸಿನಂಥ ಡಬ್ಬಿಯಲ್ಲಿ ದಿನವಿಡೀ ಕತ್ತು ಬಗ್ಗಿಸಿಕೊಂಡೇ ಓಡಾಡಬೇಕಾಗಿತ್ತು. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಆ ಬಗ್ಗಿದ ಕತ್ತು ನೆಟ್ಟಗಾಗುತ್ತಿರಲಿಲ್ಲ. "ಅಲ್ಲಿ ಬಗ್ಗಿದ್ದು ಸಾಕು. ಮನೇಲಾದ್ರೂ ತಲೆ ಎತ್ಕೊಂಡು ನಿಲ್ತೀನಿ. ನನ್ನ ಮನೇಲಿ ಎಲ್ಲಾ ಮೇಲಿರ್ಬೇಕು," ಎನ್ನುತ್ತಿದ್ದ. ಅಡುಗೆಮನೆಯ ಕೆಲಸವನ್ನು ಅವನೇ ಶುರು ಮಾಡಿದ್ದ. ಹಳೆಯ ಕಪಾಟು ಕಿತ್ತು, ಮಸಿ ಹಿಡಿದ ಗೋಡೆ ಕೆರೆದು, ನಿನ್ನ ಹುಟ್ಟಿದಹಬ್ಬದ ಹೊತ್ತಿಗೆ ಮುಗಿಸಿಕೊಡ್ತೀನಿ ಎಂದು ಹೆಂಡತಿಗೆ ಹೇಳಿದ್ದ. ಕೆಲಸದ ಹೊತ್ತಿನಲ್ಲಿ ಒಂದು ದಿನವೂ ಕೂರದಿದ್ದವನು ಒಂದು ಮಧ್ಯಾಹ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತ. ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಎಬ್ಬಿಸಲು ಹೋದಾಗ ಏಳಲಿಲ್ಲ.

ಅದಾಗಿ ಅರ್ಧ ವರ್ಷ ಕಳೆದಿತ್ತು. ಅಡುಗೆಮನೆಯ ಗೋಡೆ ಅಲ್ಲಿಯವರೆಗೂ ಕೆರೆದದ್ದು ಕೆರೆದ ಹಾಗೇ ಇತ್ತು. ಪಾತ್ರೆಗಳು ನೆಲದ ಮೇಲೆ, ಸಾಮಾನಿನ ಡಬ್ಬಿಗಳು ರಟ್ಟಿನ ಪೆಟ್ಟಿಗೆಯಲ್ಲಿ. ಇವತ್ತು ಅವಳ ಹುಟ್ಟಿದಹಬ್ಬ. ಅವಳು ಕೆಲಸ ಮಾಡುವುದು ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ ಅಳತೆ ಸರಿಮಾಡಿಕೊಡುವ ಒಂದು ಅಂಗಡಿಯಲ್ಲಿ. ಬೆಳಗ್ಗೆ ಅವಳು ಅಂಗಡಿಗೆ ಹೋಗುವುದನ್ನೇ ಕಾದಿದ್ದು, ಅತ್ತೆಯ ಜೊತೆ ಮೊದಲೇ ಮಾತಾಡಿಟ್ಟುಕೊಂಡು, ಗೆಳೆಯರು ಬಂದು ಸೇರಿದ್ದರು. ಅವಳು ಮಧ್ಯಾಹ್ನ ಬರುವಷ್ಟರಲ್ಲಿ ಗೋಡೆಗೆ ತೆಳು ಹಳದಿ ಬಣ್ಣ, ಕಟ್ಟೆಗೆ ಹೊಳಪು ಕಲ್ಲು, ಅದರ ಮೇಲೆ ಈ ಹಲಗೆ.

ಅದು ಆ ಗೆಳೆಯರ ಹಳೆಯ ರೂಢಿ. ರಜೆ ಬಂದರೆ ಯಾರದಾದರೂ ಒಬ್ಬರ ಮನೆಯಲ್ಲಿ ಸೇರುವುದು, ಏನಾದರೊಂದು ಕೆಲಸ ಎತ್ತಿಕೊಳ್ಳುವುದು. ಒಬ್ಬ ಕೊರೆಯುವುದು, ಒಬ್ಬ ಬಳಿಯುವುದು, ಹೆಂಗಸರು ಇಬ್ಬರನ್ನೂ ಆಡಿಕೊಳ್ಳುತ್ತ ಕೋಳಿ ಬೇಯಿಸುವುದು. ಕೊನೆಗೆ ಉದ್ಘಾಟನೆ. ಪೇಂಟರ್ ಮಂತ್ರಿಯ ಗತ್ತಿನಲ್ಲಿ ಭಾಷಣ ಮಾಡುತ್ತಿದ್ದ. ಏಣಿ ಹೊಸ ಹಲಗೆಯ ಮೇಲೆ ಮೊದಲನೇ ಡಬ್ಬಿಯನ್ನು ಇಡುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮೊದಲನೇ ಡಬ್ಬಿ ಅವನೇ ಇಡುವುದರಿಂದ ಅಳತೆಯೂ ಅವನದೇ. ಎಲ್ಲಿ ಕೊರೆಯೋಣ ಎಂದರೆ ವೆಲ್ಡರ್, "ಏಣಿ, ಕೈ ಎತ್ತೋ," ಎನ್ನುತ್ತಿದ್ದ. ಅವನ ಅಂಗೈ ಗೋಡೆಗೆ ತಾಗಿದ ಕಡೆ ಪೆನ್ಸಿಲ್ ಗೀಟು. ಅಳತೆಪಟ್ಟಿ ಯಾರ ಜೇಬಿನಲ್ಲಿದ್ದರೂ ಹೊರಗೆ ತೆಗೆಯುವವರೇ ಇರಲಿಲ್ಲ.

"ನಮ್ಮನೇದೂ ಅದೇ ಕಥೆ ಕಣೇ," ಎಂದಳು ನರ್ಸ್, ಕೋಳಿಯ ಪಾತ್ರೆಯನ್ನು ಹಾಲ್‌ನ ಮೇಜಿಗೆ ತಂದಿಡುತ್ತ. "ಟೀ ಪುಡಿ ಬೇಕು ಅಂದ್ರೆ ಸ್ಟೂಲ್ ಹತ್ಬೇಕು. ದಿನಾ ಬೆಳಗ್ಗೆ ಹತ್ತೋವಾಗ ಒಂದ್ಸಲ, ಇಳಿಯೋವಾಗ ಒಂದ್ಸಲ ನಿನ್ನ ಗಂಡನ್ನ ಬೈಕೋತೀನಿ. ಈಗಲೂ."

"ಈಗಲೂನಾ?"

"ಮತ್ತೆ! ಹೋದ್ರು ಅಂತ ಬಿಡ್ತೀನಾ? ಟೀ ಪುಡಿ ಅಲ್ಲೇ ಇದೆಯಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಅವಳಿಗೆ ಆ ಮನೆಗಳು ಕಣ್ಣಮುಂದೆ ಬಂದವು. ನರ್ಸ್ ಮನೆಯ ಹಲಗೆ, ವೆಲ್ಡರ್ ಮನೆಯ ಬಟ್ಟೆಯ ಗೂಟ, ಅವನ ಬಾತ್‌ರೂಮಿನ ಕನ್ನಡಿ. ಆ ಕನ್ನಡಿಯಲ್ಲಿ ವೆಲ್ಡರ್‌ಗೆ ತನ್ನ ಹಣೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಗಡ್ಡ ಕೈಯಲ್ಲಿ ತಡವಿ ತಡವಿ ಹೆರೆದುಕೊಳ್ಳುತ್ತಿದ್ದ. ಆ ಮನೆಗಳಲ್ಲೆಲ್ಲ ಯಾರೋ ಬೆಳಗ್ಗೆ ಎದ್ದ ಕೂಡಲೇ ಕತ್ತೆತ್ತಿ ಮೇಲೆ ನೋಡುತ್ತಾರೆ. ಅಲ್ಲಿ ಅವನ ಮುಖ ಇರಬೇಕಾದ ಜಾಗದಲ್ಲಿ ಬರೀ ಗೋಡೆ.

ಪೇಂಟರ್ ಅವಳ ಗಂಡನ ಶರ್ಟನ್ನೇ ಹಾಕಿಕೊಂಡಿದ್ದ. ಅವಳೇ ತೋಳು ಕತ್ತರಿಸಿ, ಕೆಳಗಿನ ಪಟ್ಟಿ ಬಿಚ್ಚಿ ಮೇಲೆತ್ತಿ ಹೊಲಿದು ಕೊಟ್ಟದ್ದು. ಒಳ್ಳೆಯ ಬಟ್ಟೆ, ಹುಳುಗಳಿಗೆ ಯಾಕೆ ಕೊಡಬೇಕು ಎಂಬುದು ಅವಳ ಲೆಕ್ಕ. ಕತ್ತರಿ ಸಲೀಸಾಗಿ ಓಡಿತ್ತು. ಕತ್ತರಿಸಿದ ತುಂಡುಗಳನ್ನು ಗುಡಿಸುವಾಗ ಮಾತ್ರ, ಇಷ್ಟುದ್ದ ಮನುಷ್ಯ ಹೆಚ್ಚಿಗೆ ಇದ್ದನೇ ಎಂದು ಆಶ್ಚರ್ಯವಾಗಿತ್ತು. ಅತ್ತೆ ಅದನ್ನು ನೋಡಿದವಳು ಎದ್ದು ಹೋಗಿ, ಆಮೇಲೆ ಎಷ್ಟೋ ದಿನ ಸೊಸೆ ಬಡಿಸಿದರೆ ತಟ್ಟೆ ಮುಟ್ಟಲಿಲ್ಲ. ತಾನೇ ಬಡಿಸಿಕೊಂಡು ಮೂಲೆಯಲ್ಲಿ ಕೂತು ತಿಂದಳು. ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬರು ಮಾತು ಬಿಟ್ಟರೆ ಇನ್ನೊಬ್ಬರಿಗೆ ಗೋಡೆಯೇ ಗತಿ. ಆ ದಿನಗಳನ್ನು ನೆನೆದರೆ ಅವಳಿಗೆ ಗಂಡ ಸತ್ತ ದಿನಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಇವತ್ತು ಅತ್ತೆ ಖುಷಿಯಾಗಿದ್ದಳು. ಮಗ ಹೋದ ಮೇಲೆ ಮೊದಲನೇ ಸಲ ತಲೆ ನೀಟಾಗಿ ಬಾಚಿಕೊಂಡಿದ್ದಳು. ಅಡುಗೆಮನೆ ಎದುರಿಗೇ ಕುರ್ಚಿ ಎಳೆಸಿಕೊಂಡು, ತೆರೆದ ಬಾಗಿಲಿನಿಂದ ಹಲಗೆ ನೋಡುತ್ತ ಕೂತಿದ್ದಳು. "ಇದು ನನ್ನ ಮಗನ ಅಡುಗೆಮನೆ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. "ಹೇಳಿದ್ದ, ಮಾಡಿಸಿದ."

ಹಲಗೆ ಇಳಿಸಬೇಕೆಂದು ಹೇಗೆ ಹೇಳುವುದು? ಸೊಸೆ ನೀರಿನ ಲೋಟಗಳನ್ನು ತೊಳೆದದ್ದನ್ನೇ ತೊಳೆದಳು. ಅತ್ತೆಯ ಮಂಡಿ ಸರಿಯಿಲ್ಲ. ದಿನವಿಡೀ ಒಬ್ಬಳೇ ಇರುತ್ತಾಳೆ. ಉಪ್ಪು ಬೇಕು, ಸಕ್ಕರೆ ಬೇಕು. ಹಲಗೆ ಅಲ್ಲಿದ್ದರೆ ಅತ್ತೆ ಏನು ಮಾಡುತ್ತಾಳೆಂದು ಅವಳಿಗೆ ಗೊತ್ತು. ಹಲಗೆ ಇಳಿಸಿದರೆ ಏನು ಮಾಡುತ್ತಾಳೆಂಬುದೂ ಗೊತ್ತು.

ಕೇಕ್ ಬಂತು. ಪೇಂಟರ್ ಮೇಣದಬತ್ತಿ ಚುಚ್ಚಿ, "ಅತ್ತಿಗೆ, ಎಷ್ಟು ಹಚ್ಚಲಿ? ನಿಜ ಹೇಳಿದ್ರೆ ಕೇಕ್ ಕಾಣಿಸಲ್ಲ," ಎಂದ. "ಒಂದೇ ಹಚ್ಚಪ್ಪ, ಗೌರವವಾಗಿ," ಎಂದಳು ನರ್ಸ್. ಸೊಸೆ ಊದಿದಳು. ಹೊಗೆ ಎಳೆಯಾಗಿ ಮೇಲೆ ಹೋಯಿತು. ಚಾಕು ಕೈಗೆತ್ತಿಕೊಳ್ಳುವಾಗ ಪೇಂಟರ್ ಅಭ್ಯಾಸಬಲದಿಂದ ಎದ್ದು ನಿಂತು, ಮಂತ್ರಿಯ ಗಂಟಲಿನಲ್ಲಿ ಶುರುಮಾಡಿದ: "ಮಾನ್ಯರೇ, ಮಹಿಳೆಯರೇ, ಈ ಭವ್ಯವಾದ ಹಲಗೆಯ ನಿರ್ಮಾಣದಲ್ಲಿ ಹಗಲಿರುಳು ದುಡಿದ..." ಅಲ್ಲಿಗೆ ನಿಂತ. ಮುಂದಿನ ಮಾತು ಪ್ರತಿ ಸಲವೂ ಒಂದೇ ಆಗಿರುತ್ತಿತ್ತು, ಅದರಲ್ಲಿ ಒಂದು ಹೆಸರು ಬರುತ್ತಿತ್ತು. ಅವನು ಕೆಮ್ಮಿ ಕೂತ. "ಕೇಕ್ ತಿನ್ನಿ," ಎಂದ.

ಅಡುಗೆಮನೆಯಲ್ಲಿ ಏನೋ ಬಿದ್ದು ಉರುಳಿದ ಸದ್ದಾಯಿತು. ಅತ್ತೆಯ ಕುರ್ಚಿ ಖಾಲಿಯಾಗಿತ್ತು.

ಓಡಿಹೋದರು. ಅತ್ತೆ ಸ್ಟೂಲಿನ ಮೇಲಿದ್ದಳು. ಎರಡೂ ಕೈಗಳಿಂದ ಹಲಗೆಯ ಅಂಚನ್ನು ಹಿಡಿದು, ಅದಕ್ಕೆ ಕೆನ್ನೆಯಾನಿಸಿ ನೇತುಬಿದ್ದವಳ ಹಾಗೆ ನಿಂತಿದ್ದಳು. ಕೆಳಗೆ ಸ್ಟೂಲಿನ ಒಂದು ಕಾಲು ನೆಲ ಬಿಟ್ಟಿತ್ತು. ಉಪ್ಪಿನ ಡಬ್ಬಿ ಬಾಯಿ ತೆರೆದುಕೊಂಡು ನೆಲದ ಮೇಲೆ ಬಿದ್ದಿತ್ತು.

"ನೋಡಿ, ಸಿಕ್ತು," ಎಂದಳು ಅತ್ತೆ. ಧ್ವನಿಯಲ್ಲಿ ಗೆಲುವಿತ್ತು, ಕಾಲುಗಳು ಗಡಗಡ ನಡುಗುತ್ತಿದ್ದವು. "ಏನೂ ಕಷ್ಟ ಇಲ್ಲ. ಸುಮ್ನೆ ದೊಡ್ಡದು ಮಾಡ್ತೀರ."

ವೆಲ್ಡರ್ ಅವಳ ಸೊಂಟ ಹಿಡಿದು ಮಗುವಿನಂತೆ ಎತ್ತಿ ಇಳಿಸಿದ. ಹಲಗೆಯಿಂದ ಅವಳ ಬೆರಳುಗಳನ್ನು ನರ್ಸ್ ಬಿಡಿಸಬೇಕಾಯಿತು. ನೆಲಕ್ಕೆ ಕಾಲು ತಾಗಿದ ಮೇಲೆ ಅತ್ತೆ ಯಾರ ಮುಖವನ್ನೂ ನೋಡಲಿಲ್ಲ.

ಸೊಸೆ ಬಗ್ಗಿ ಚೆಲ್ಲಿದ ಉಪ್ಪನ್ನು ಅಂಗೈಯಿಂದ ಒಟ್ಟುಮಾಡಿದಳು. ಬಗ್ಗಿದ್ದವಳು ಬಗ್ಗಿದಂತೆಯೇ ಹೇಳಿದಳು: "ಅಣ್ಣ, ಅದನ್ನ ಇಳಿಸಿಬಿಡಿ."

"ಯಾರು ಇಳಿಸ್ತೀರೋ ನೋಡ್ತೀನಿ," ಎಂದಳು ಅತ್ತೆ. "ಅವನ ಬಟ್ಟೆಗೆ ಕತ್ತರಿ ಹಾಕಿದ್ಲು, ಸುಮ್ನಿದ್ದೆ. ಇವತ್ತು ಇದು. ನಾಳೆ ಇನ್ನೇನು ಉಳಿದಿದೆ ಕತ್ತರಿಸೋಕೆ? ನಾನೊಬ್ಳು." ಗೋಡೆ ಹಿಡಿದುಕೊಂಡು ಹಾಲ್‌ಗೆ ಹೋಗಿ ಕುರ್ಚಿಯಲ್ಲಿ ಕೂತಳು. ನರ್ಸ್ ಅವಳ ಹಿಂದೆಯೇ ಹೋದಳು, ಹೋಗುತ್ತ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು.

ಅಡುಗೆಮನೆಯಲ್ಲಿ ಸೊಸೆ, ವೆಲ್ಡರ್ ಇಬ್ಬರೇ ಉಳಿದರು. ಹೊಸ ಬಣ್ಣದ ಘಾಟು ಕಣ್ಣಿಗೆ ಹತ್ತುತ್ತಿತ್ತು. ಹೊರಗೆ ಬೆಳಕು ಕಂದುತ್ತಿತ್ತು. ಅವಳು ದೀಪ ಹಾಕಲಿಲ್ಲ.

"ನನ್ ಕೈಲಾಗಲ್ಲ ಅತ್ತಿಗೆ," ಎಂದ ವೆಲ್ಡರ್.

"ಬೋಲ್ಟ್ ಹಾಕಿದ ಕೈಗೆ ಬಿಚ್ಚೋಕೆ ಬರಲ್ವಾ?"

"ಬರುತ್ತೆ. ಬಿಚ್ಚಲ್ಲ."

ಅವಳು ಉಪ್ಪನ್ನು ಒಂದು ಕಾಗದಕ್ಕೆ ಸುರಿದು ಮಡಿಸಿದಳು. "ನಾನೆಷ್ಟು ಎತ್ತರ ಅಂತ ನಿಮಗೆ ಗೊತ್ತಿರಲಿಲ್ವಾ ಅಣ್ಣ? ನಮ್ಮ ಮದುವೆಯಿಂದ ನೋಡ್ತಾ ಇದ್ದೀರ."

"ಗೊತ್ತಿತ್ತು." ಅವನು ಕಟ್ಟೆಯ ಹತ್ತಿರ ಗೋಡೆಯ ಮೇಲೆ ಒಂದು ಕಡೆ ಬೆರಳಿಟ್ಟ. ಬಣ್ಣದಡಿಯಲ್ಲಿ ಮಸುಕಾಗಿ ಒಂದು ಪೆನ್ಸಿಲ್ ಗೀಟು ಕಾಣಿಸಿತು. ಅವಳ ಕೈ ಸಲೀಸಾಗಿ ಹೋಗುವ ಎತ್ತರದಲ್ಲಿ. "ಮೊದಲು ಇಲ್ಲೇ ಗುರುತು ಹಾಕಿದ್ದೆ. ಡ್ರಿಲ್ ಎತ್ಕೊಂಡೆ. ಇಲ್ಲಿಗೆ ಇಡೋಕಾಗ್ಲಿಲ್ಲ."

"ಯಾಕೆ?"

ಅವನು ಮೂಲೆಯಲ್ಲಿದ್ದ ಬಣ್ಣದ ಡಬ್ಬವನ್ನು ಕಾಲಿನಿಂದ ನೂಕಿ ಬಾಗಿಲ ಪಕ್ಕದ ಗೋಡೆಗೆ ತಂದ. ಮುಚ್ಚಳ ಗಟ್ಟಿಯಾಗಿದೆಯೇ ಎಂದು ತುಳಿದು ನೋಡಿ ಅದರ ಮೇಲೆ ಹತ್ತಿದ. "ಈ ಡಬ್ಬ ಸರಿಯಾಗಿದೆ," ಎಂದ. "ಬೆಳಗ್ಗೆ ಇಟ್ಟಿಗೆ ಇಟ್ಟು ನೋಡ್ದೆ, ಕಡಿಮೆ ಆಯ್ತು. ಮೇಲೊಂದು ಹಲಗೆ ಇಟ್ರೆ ಜಾಸ್ತಿ. ಇದು ಸರಿಯಾಗಿದೆ. ನನ್ನ ಹೆಗಲು ಈಗ ಅವನ ಹೆಗಲಿರೋ ಜಾಗದಲ್ಲಿದೆ." ಹೆಗಲನ್ನು ಸ್ವಲ್ಪ ಮುಂದಕ್ಕೆ ತಂದ, ಕತ್ತು ಬಗ್ಗಿಸಿದ. ಬಸ್ಸಿನಿಂದ ಈಗಷ್ಟೇ ಇಳಿದವನ ಕತ್ತು. ಆಮೇಲೆ ಬಲಗೈ ಎತ್ತಿ ಅಂಗೈಯನ್ನು ಗೋಡೆಗೆ ಇಟ್ಟ. ಹಲಗೆಯ ಮಟ್ಟಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕಂದಿದ ಬೆಳಕಿನಲ್ಲಿ ಮುಖ ಕಾಣುತ್ತಿರಲಿಲ್ಲ. ಆ ಬೆನ್ನು, ಆ ಹೆಗಲು, ಬಾಗಿಲ ಮೇಲ್ಪಟ್ಟಿಯ ಸಮಕ್ಕೆ ಆ ತಲೆ ಮಾತ್ರ ಕಾಣುತ್ತಿತ್ತು. ಮೈಯ ಕೂದಲೆಲ್ಲ ಎದ್ದು ನಿಂತವು. ಅದರ ಜೊತೆಗೇ, ಹತ್ತಿರ ಹೋಗಿ ಆ ಬೆನ್ನಿಗೆ ಹಣೆಯಿಡಬೇಕು ಎನ್ನಿಸಿತು. ಎರಡಕ್ಕೂ ಅವಳು ನಾಚಿಕೆಪಟ್ಟುಕೊಂಡಳು.

"ಅವನ ದನಿ ಈಗಾಗ್ಲೇ ಸರಿಯಾಗಿ ನೆನಪಿಗೆ ಬರಲ್ಲ ಅತ್ತಿಗೆ," ಎಂದ ವೆಲ್ಡರ್ ಗೋಡೆಗೇ ಹೇಳುವಂತೆ. "ಮೊನ್ನೆ ವರ್ಕ್‌ಶಾಪಲ್ಲಿ ಯಾರೂ ಇರಲಿಲ್ಲ. 'ಟಿಕೆಟ್, ಟಿಕೆಟ್' ಅಂತ ಅವನ ಥರ ಕೂಗೋಕೆ ನೋಡ್ದೆ. ಬೇರೆ ಯಾರದೋ ದನಿ ಬಂತು. ನನಗೆ ಈಗ ಗೊತ್ತಿರೋದು ಇದೊಂದೇ. ಅವನ ಕೈ ಎಲ್ಲಿಗೆ ಬರುತ್ತೆ ಅನ್ನೋದು. ಇದನ್ನೂ ಇಳಿಸಿ ಅಂತೀರಲ್ಲ."

ಅವಳಿಗೆ ಸಿಕ್ಕಿದ್ದು ಅಂಗಡಿಯ ಮಾತು. "ನಮ್ಮಲ್ಲಿಗೆ ಒಬ್ಬರು ಬರ್ತಾರೆ. ತೀರಿಹೋದ ಅಪ್ಪನ ಕೋಟು ತರ್ತಾರೆ. ಒಂದು ಹೊಲಿಗೇನೂ ಬಿಚ್ಚಬೇಡಿ, ಆದ್ರೆ ನನಗೆ ಸರಿಹೋಗೋ ಹಾಗೆ ಮಾಡ್ಕೊಡಿ ಅಂತಾರೆ. ಪ್ರತಿ ಸಲ ವಾಪಸ್ ತಗೊಂಡು ಹೋಗ್ತಾರೆ, ಮತ್ತೆ ತರ್ತಾರೆ. ಬಿಚ್ಚದೆ ಹೇಗಣ್ಣ ಮಾಡೋದು?"

ಅವನು ಉತ್ತರಿಸಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಹಾಲ್‌ನಿಂದ ಅತ್ತೆಯ ದನಿ ಬಂತು. ಜಗಳದ ದನಿಯಲ್ಲ. ಸಂಜೆಯ ದನಿ, ಬಾಗಿಲ ಸದ್ದಾದಾಗ ಕೂತಲ್ಲಿಂದಲೇ ಬರುವಂಥದ್ದು.

"ತಲೆ... ತಲೆ ನೋಡ್ಕೋ ಮಗಾ."

ಈ ಮನೆಯ ಬಾಗಿಲುಗಳು ಗಿಡ್ಡ. ಒಳಗೆ ಬರುವಾಗ ದಿನವೂ ಮಗನ ತಲೆ ಬಡಿಯುತ್ತಿತ್ತು, ದಿನವೂ ಅತ್ತೆ ಮೊದಲೇ ಕೂಗುತ್ತಿದ್ದಳು. ಅವನು ಹೋದ ಮೇಲೂ, ಸಂಜೆ ಬೀದಿಯಲ್ಲಿ ಯಾರದೋ ಹೆಜ್ಜೆ ನಿಂತರೆ ಸಾಕು, "ತಲೆ" ಎನ್ನುತ್ತಿದ್ದಳು. ಅಂದದ್ದು ಅವಳಿಗೇ ತಿಳಿಯುತ್ತಿರಲಿಲ್ಲ. ಸೊಸೆಗೆ ಮಾತ್ರ ಕೇಳಿಸುತ್ತಿತ್ತು. ಆಮೇಲಿನ ಮೌನದಲ್ಲಿ, ಬಡಿಯಬೇಕಾಗಿದ್ದ ತಲೆಯ ಸದ್ದಿಗಾಗಿ ಅವಳ ಕಿವಿ ಕಾಯುತ್ತಿತ್ತು.

ಆದರೆ ಈಗ ಬಾಗಿಲ ಪಕ್ಕ, ಹಾಲ್‌ಗೆ ಕಾಣುವಂತೆ, ಒಬ್ಬ ಉದ್ದ ಮನುಷ್ಯ ನಿಂತಿದ್ದ. ಆ ಕೂಗು ಕೇಳಿದ್ದೇ ವೆಲ್ಡರ್ ತಿರುಗಿದ, ತಿರುಗುತ್ತ ತಲೆಯನ್ನು ಬಗ್ಗಿಸಿದ. ಥೇಟ್ ಅವನ ಹಾಗೆ.

ಹಾಲ್‌ನಲ್ಲಿ ಪೇಂಟರ್ ಎದ್ದುನಿಂತದ್ದು, ನರ್ಸ್ ಕೈಯಲ್ಲಿದ್ದ ತಟ್ಟೆ ಮೇಜಿಗೆ ತಾಗಿದ್ದು ಕೇಳಿಸಿತು. ಆಮೇಲೆ ಕುರ್ಚಿ ಕಿರುಗುಟ್ಟಿತು. ಅತ್ತೆ ಬರುತ್ತಿದ್ದಳು. ಮಂಡಿನೋವಿನವಳ ಹೆಜ್ಜೆಯಲ್ಲ, ಎಷ್ಟೋ ವರ್ಷ ಚಿಕ್ಕವಳೊಬ್ಬಳ ಹೆಜ್ಜೆ. ಬಾಗಿಲಿಗೆ ಬಂದು, ಎರಡೂ ಕೈ ಎತ್ತಿ ಆ ಮುಖವನ್ನು ಹಿಡಿಯಲು ಹೋದಳು.

ನರ್ಸ್ ದೀಪ ಹಾಕಿದಳು.

ಡಬ್ಬದ ಮೇಲೆ ವೆಲ್ಡರ್ ನಿಂತಿದ್ದ. ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ಇಂಗುತ್ತಿತ್ತು. ಇಳಿಯುವುದೋ ಬೇಡವೋ ತಿಳಿಯದೆ, ತಪ್ಪು ಮಾಡಿದ ಮಗುವಿನ ಹಾಗೆ ಅಲ್ಲೇ ನಿಂತಿದ್ದ. ಅತ್ತೆಯ ಕೈಗಳು ಅವನ ಎದೆಯ ಮಟ್ಟದಲ್ಲಿ ನಿಂತುಹೋಗಿದ್ದವು. ಬಹಳ ಹೊತ್ತು ಅವನನ್ನೇ ನೋಡಿದಳು.

"ನೀನಾ," ಎಂದಳು. ಆಮೇಲೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಅವನ ಶರ್ಟಿನ ಗುಂಡಿಯೊಂದನ್ನು ಸರಿಮಾಡಿದಳು. "ಇಳಿಯಪ್ಪ. ಇಳಿ ಅಲ್ಲಿಂದ. ನಿನ್ನ ಎತ್ತರ ನಿನಗಿರಲಿ. ಬಿದ್ದುಗಿದ್ದೀಯ."

ಅವನು ಇಳಿದ. ಇಳಿದ ಮೇಲೆ ಎಷ್ಟು ಗಿಡ್ಡ ಮನುಷ್ಯ ಎಂದು ಎಲ್ಲರಿಗೂ ಕಾಣಿಸಿತು.

ಸೊಸೆ ಕಟ್ಟೆಯ ಮೇಲಿದ್ದ ಸ್ಪ್ಯಾನರ್ ತೆಗೆದುಕೊಂಡಳು. ಸ್ಟೂಲನ್ನು ಸರಿಯಾಗಿ ಊರಿ ಹತ್ತಿದಳು. ಬೋಲ್ಟಿಗೆ ಸ್ಪ್ಯಾನರ್ ಕೂರಿಸಿ ತಿರುಗಿಸಲು ನೋಡಿದಳು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೈಯ ಭಾರವೆಲ್ಲ ಹಾಕಿ ಎಳೆದಳು. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಕೆತ್ತಿತು. ಬಾಯಿಗಿಟ್ಟುಕೊಂಡು ಚೀಪಿ ಮತ್ತೆ ಹಿಡಿದಳು.

"ಆ ಕಡೆಗಲ್ಲ," ಎಂದ ವೆಲ್ಡರ್ ಕೆಳಗಿನಿಂದ. "ಬಿಗಿ ಮಾಡ್ತಾ ಇದ್ದೀರ. ಈ ಕಡೆಗೆ."

"ಹೇಳಿದ್ರೆ ಸಾಲದು ಅಣ್ಣ."

ಅವನು ಮೀಸೆ ಒರೆಸಿಕೊಂಡ. ಅವಳ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡ. ಮೊದಲನೆಯ ಬೋಲ್ಟು ಸಡಿಲವಾದಾಗ ಕೀರಲು ಸದ್ದು ಬಂತು, ಗೋಡೆಯಿಂದ ಒಂದಿಷ್ಟು ಹುಡಿ ಉದುರಿತು. ಅತ್ತೆ ಮುಖ ತಿರುಗಿಸಲಿಲ್ಲ. ಒಂದೊಂದು ಬೋಲ್ಟು ಕಳಚುವುದನ್ನೂ ನಿಂತು ನೋಡಿದಳು.

ಹಲಗೆ ಕೆಳಗೆ ಬಂದ ಮೇಲೆ ವೆಲ್ಡರ್ ಪೆನ್ಸಿಲ್ ಹಿಡಿದು, ತಾನು ಮೊದಲು ಹಾಕಿದ್ದ ಗೀಟಿನ ಕಡೆ ಕೈ ಮಾಡಿ, "ಇಲ್ಲಿಗಾ?" ಎಂದು ಕೇಳಿದ.

"ಅದು ನನ್ನ ಎತ್ತರ," ಎಂದಳು ಸೊಸೆ. "ಹಗಲೆಲ್ಲ ಇಲ್ಲಿರೋದು ನಾನಲ್ಲ." ಬಂದಾಗ ಮೂಲೆಯಲ್ಲಿಟ್ಟಿದ್ದ ಹೆಗಲ ಚೀಲದಿಂದ ಅಂಗಡಿಯ ಟೇಪ್ ತೆಗೆದು, ಅತ್ತೆಯನ್ನು ಹೆಗಲು ಹಿಡಿದು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಅಂಗಡಿಗೆ ಬಂದವರನ್ನು ನಿಲ್ಲಿಸುವ ಹಾಗೆ. "ಅತ್ತೆ, ಕೈ ಎತ್ತಿ."

ಅತ್ತೆ ಎತ್ತಲಿಲ್ಲ. "ನನ್ನ ಅಳತೆ ಯಾಕೆ? ಇನ್ನೆಷ್ಟು ದಿನ ಇರ್ತೀನಿ ನಾನು?"

"ಇರೋವಷ್ಟು ದಿನ ಉಪ್ಪು ಬೇಕಲ್ಲ."

"ನಿನಗೆ ಎಲ್ಲಾದಕ್ಕೂ ಒಂದು ಉತ್ತರ."

"ನಿಮ್ಮತ್ರಾನೇ ಕಲಿತದ್ದು. ಎತ್ತಿ."

ಪೇಂಟರ್ ಪುಸಕ್ಕನೆ ನಕ್ಕ, ಹೆಂಡತಿ ತಿವಿದಳು, ಸುಮ್ಮನಾದ. ಸೊಸೆ ಟೇಪ್ ಹಿಡಿದು ಬಗ್ಗಿ ಕಾಯುತ್ತಿದ್ದಳು. ಟೇಪಿನ ತುದಿ ಅತ್ತೆಯ ಹಿಮ್ಮಡಿಯ ಹತ್ತಿರ ನೆಲಕ್ಕೆ ತಾಗಿತ್ತು. ಅವಳು ಮತ್ತೆ ಕೇಳಲಿಲ್ಲ. ಕೇಳಿದರೆ ಜಗಳವಾಗುತ್ತದೆ, ಜಗಳವಾದರೆ ಮತ್ತೆ ಆ ಮೂಲೆ, ಆ ಬೇರೆ ತಟ್ಟೆ. ಹಿಡಿದ ಕೈ ಸೋಲತೊಡಗಿತು. ಅತ್ತೆಯ ಕಣ್ಣು ಖಾಲಿ ಗೋಡೆಯ ಮೇಲಿತ್ತು, ಬೋಲ್ಟಿನ ತೂತುಗಳ ಮೇಲೆ.

ಕೊನೆಗೆ ಅವಳ ಬಲಗೈ ಮೇಲೆದ್ದಿತು. ಪೂರ್ತಿ ಅಲ್ಲ, ತುಂಬಿದ ಬಸ್ಸಿನಲ್ಲಿ ಮೇಲಿನ ಕಂಬಿ ಸಿಗದೆ ಸೀಟಿನ ಹಿಡಿಕೆ ಹಿಡಿಯುವಷ್ಟು. "ಇಷ್ಟೇ ಆಗೋದು," ಎಂದಳು.

"ಇಷ್ಟೇ ಸಾಕು," ಎಂದು ಸೊಸೆ ಟೇಪ್ ಎಳೆದು ಹೆಬ್ಬೆರಳಿನಿಂದ ಗೋಡೆಗೆ ಒತ್ತಿದಳು. "ಇಲ್ಲಿ ಅಣ್ಣ."

ಡ್ರಿಲ್ಲಿನ ಸದ್ದಿಗೆ ಮನೆ ತುಂಬಿತು. ಹಲಗೆ ಹೊಸ ಜಾಗದಲ್ಲಿ ಕೂತಾಗ ಉದ್ಘಾಟನೆ ಯಾರಿಗೂ ನೆನಪಾಗಲಿಲ್ಲ. ನರ್ಸ್ ಎರಡೂ ಕೈ ತುಂಬ ತಟ್ಟೆ ಹಿಡಿದು ಬಂದವಳು ಇಡಲು ಜಾಗವಿಲ್ಲದೆ ಅಲ್ಲಿಟ್ಟಳು, ಅಷ್ಟೇ. ಪೇಂಟರ್ ಮೇಲಿನ ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಉಳಿದಿದ್ದ ಬಣ್ಣ ಎಳೆದ. ಬೇಗ ಒಣಗಲೆಂದು ಹಾಲ್‌ನ ಟೇಬಲ್ ಫ್ಯಾನ್ ತಂದು ಕಟ್ಟೆಯ ಮೇಲಿಟ್ಟು ಗೋಡೆಗೆ ತಿರುಗಿಸಿದ. "ಒಣಗಿದ್ರೆ ಎಲ್ಲಿತ್ತು ಅಂತ ನನಗೂ ಗೊತ್ತಾಗಲ್ಲ," ಎಂದ ಹೆಮ್ಮೆಯಿಂದ. ಆಮೇಲೆ ತಾನು ಹೇಳಿದ್ದು ಕಿವಿಗೆ ಬಿದ್ದು, ಬ್ರಷ್ ತೊಳೆಯಲು ಹಿತ್ತಲಿಗೆ ಹೋದ.

ವೆಲ್ಡರ್ ಊಟಕ್ಕೆ ನಿಲ್ಲಲಿಲ್ಲ. ಸಾಮಾನು ಚೀಲಕ್ಕೆ ತುಂಬಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಾಳೆ ನಮ್ಮನೆ ಕನ್ನಡಿ ನೋಡ್ಬೇಕು," ಎಂದ. ಗಂಡ ಹೆಂಡತಿ ಉಂಡು, ಪಾತ್ರೆ ತೊಳೆದಿಟ್ಟು, ಉಳಿದ ಕೇಕಿನ ಮೇಲೆ ತಟ್ಟೆ ಮುಚ್ಚಿ ಹೊರಟರು.

ಅವರನ್ನು ಕಳಿಸಿ ಸೊಸೆ ಒಳಗೆ ಬಂದಾಗ ಅತ್ತೆ ಕುರ್ಚಿಯನ್ನು ಅಡುಗೆಮನೆಯೊಳಗೇ ಎಳೆದುಕೊಂಡು ಗೋಡೆಗೆ ಎದುರಾಗಿ ಕೂತಿದ್ದಳು. ಮೇಲೆ, ಈಗ ಯಾರ ಕೈಯೂ ಹೋಗದ ಕಡೆ, ಬ್ರಾಕೆಟ್‌ಗಳಿದ್ದ ಜಾಗದಲ್ಲಿ ಹಸಿ ಬಣ್ಣದ ಎರಡು ಗುರುತು ಗಾಢವಾಗಿ ಕಾಣುತ್ತಿದ್ದವು. ಒಂದೊಂದೂ ಅಂಗೈ ಅಗಲ. ಯಾರೋ ಎರಡೂ ಕೈಯನ್ನು ಗೋಡೆಗೆ ಊರಿ ನಿಂತ ಹಾಗೆ. ಫ್ಯಾನಿನ ಗಾಳಿಗೆ ಅವು ಅಂಚಿನಿಂದ ಒಣಗುತ್ತ, ಸುತ್ತಲಿನ ಹಳದಿಗೆ ತಿರುಗುತ್ತ, ಒಳಮುಖವಾಗಿ ಸಣ್ಣದಾಗುತ್ತಿದ್ದವು.

ಸೊಸೆ ಸ್ಟೂಲ್ ತಂದು ಪಕ್ಕದಲ್ಲಿ ಹಾಕಿಕೊಂಡು ಕೂತಳು.

"ಆ ಫ್ಯಾನ್ ಸ್ವಲ್ಪ ಆರಿಸು," ಎಂದಳು ಅತ್ತೆ.

ಅವಳು ಎದ್ದು ಆರಿಸಿದಳು. ರೆಕ್ಕೆಗಳು ನಿಧಾನವಾಗಿ ಸುತ್ತಿ ನಿಂತವು. ಅಡುಗೆಮನೆಯಲ್ಲಿ ಸೆಕೆ ಮೆಲ್ಲಗೆ ತುಂಬಿಕೊಂಡಿತು. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು, ಬಂದು ಮತ್ತೆ ಅತ್ತೆಯ ಪಕ್ಕ ಕೂತಳು.